ಬರುವಾಗ ಒಮ್ಮೆ ಕೆಮ್ಮಿ ಬನ್ನಿ: ಬೀದಿ ಮೂಲೆಯ ಟ್ರಾನ್ಸ್‌ಫಾರ್ಮರ್‌ಗೆ

ಎರಡು ಕಂಬಗಳ ನಡುವೆ ಆಸೀನರಾಗಿ, ಎದೆಯ ಮೇಲೆ ತಲೆಬುರುಡೆಯ ಪದಕ ಧರಿಸಿ, ನಮ್ಮ ಬೀದಿಯ ಮನೆಗಳನ್ನೆಲ್ಲ ಪೊರೆಯುತ್ತಿರುವ ಟ್ರಾನ್ಸ್‌ಫಾರ್ಮರ್ ಮಹಾಶಯರ ಸನ್ನಿಧಾನಕ್ಕೆ,

ಮಾನ್ಯರೇ,

ತಾವು ಕ್ಷೇಮವೆಂಬುದು ತಮ್ಮ ಗುಂಯ್‌ಗುಡುವಿಕೆಯಿಂದಲೇ ತಿಳಿಯುತ್ತಿದೆ. ನಾವು ಕ್ಷೇಮವೋ ಅಲ್ಲವೋ ಎಂಬುದು, ತಾವು ಮುಂದಿನ ಸಲ ಹೇಗೆ ಬರುತ್ತೀರಿ ಎಂಬುದರ ಮೇಲೆ ನಿಂತಿದೆ. ನಾನು ತಮ್ಮಿಂದ ಮೂರನೆಯ ಮನೆಯ ಮಹಡಿಯವಳು. ಹನ್ನೊಂದು ತಿಂಗಳ ಮಗಳ ತಾಯಿ. ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದವಳು. ಮಗಳು ಹುಟ್ಟಿದಂದಿನಿಂದ ನಿದ್ದೆಯನ್ನೂ ಬರೀ ಓದಿಯೇ ಬಲ್ಲವಳು.

ತಾವು ಹೋಗುವುದರ ಬಗ್ಗೆ ನನ್ನ ದೂರಿಲ್ಲ. ದೊಡ್ಡವರಿಗೆ ನಾಲ್ಕಾರು ಕಡೆ ಕೆಲಸವಿರುತ್ತದೆ. ನನ್ನ ಅಳಲೆಲ್ಲ ತಾವು ಮರಳುವ ವೈಭವದ ಬಗ್ಗೆ. ಕಳೆದ ಮಂಗಳವಾರ ಮಧ್ಯಾಹ್ನ ಹೋದವರು ಹತ್ತೇ ನಿಮಿಷದಲ್ಲಿ ಇಮ್ಮಡಿ ಬಲದೊಂದಿಗೆ ಬಂದಿರಿ. ಬಲ್ಬು ಸೂರ್ಯನಾಯಿತು, ಫ್ಯಾನು ಸೂರನ್ನೇ ಎತ್ತಿಕೊಂಡು ಹೊರಡುವಂತೆ ತಿರುಗಿತು, ಟಿವಿ ಟಪ್ಪೆಂದು ಕಣ್ಣು ಮುಚ್ಚಿತು, ಫ್ರಿಜ್ಜು ತನ್ನ ಜೀವಮಾನದಲ್ಲಿ ಮೊದಲ ಬಾರಿಗೆ ಬೆಚ್ಚಗಾಯಿತು. ಇವೆಲ್ಲ ತಮಗೆ ಸಂದ ಕಾಣಿಕೆಯೆಂದೇ ತಿಳಿಯಿರಿ. ಆದರೆ ನನ್ನ ಮಗಳಿಗೆ ಉಬ್ಬಸವಿದೆ. ಔಷಧಿಯನ್ನು ಮಂಜಿನಂತೆ ಮಾಡಿ ಅವಳ ಎದೆಗಿಳಿಸುವ ನೆಬ್ಯುಲೈಜರ್ ಗೋಡೆಯ ಪ್ಲಗ್ಗಿನಲ್ಲಿತ್ತು. ಅವಳ ಮೂಗಿಗೆ ಮಾಸ್ಕ್ ಹಿಡಿಯಲು ನಾನು ಕೈ ಎತ್ತಿದ್ದೆ. ಮಂಜಿನ ಬದಲು ಸುಟ್ಟ ವಾಸನೆ ಬಂತು. ಸಿಳ್ಳೆಯಂತೆ ಉಸಿರೆಳೆಯುತ್ತಿದ್ದ ಕೂಸನ್ನು ಎದೆಗವಚಿಕೊಂಡು, ಚಪ್ಪಲಿಯನ್ನೂ ಮೆಟ್ಟದೆ ಕ್ಲಿನಿಕ್ಕಿಗೆ ಓಡಿದೆ. ತಮ್ಮ ಕೆಳಗೇ ಹಾದುಹೋದೆ. ತಾವು ಗುಂಯ್ ಎಂದು ಆಶೀರ್ವದಿಸಿದಿರಿ.

ಕ್ಲಿನಿಕ್ಕಿನ ಯಂತ್ರದಲ್ಲಿ ಔಷಧಿ ಕೊಟ್ಟ ಮೇಲೆ ಅವಳು ಸರಿಯಾಗಿ ಉಸಿರಾಡಿದಳು, ನಾನೂ ಉಸಿರಾಡಿದೆ. ಆಗ ನೆನಪಾದದ್ದು ಸರ್ಜ್ ಗಾರ್ಡ್. ವೋಲ್ಟೇಜು ಏರಿದಾಗ ತಾನೇ ಏಟು ತಿಂದು ಯಂತ್ರವನ್ನು ಉಳಿಸುವ ಆ ಪುಣ್ಯಾತ್ಮನನ್ನು ನಾನೇ ತಂದು, ನೆಬ್ಯುಲೈಜರ್‌ಗೆಂದೇ ಹಾಕಿ ಎರಡು ತಿಂಗಳಾಗಿತ್ತು. ಎಲ್ಲಿ ಹೋಯಿತೆಂದು ಕೇಳಿದರೆ, ಅತ್ತೆಯವರು ಬೀರು ತೆರೆದು, ಒಳ್ಳೆಯ ಬೆಡ್‌ಶೀಟುಗಳ ಮಡಿಕೆಯಿಂದ ಅದನ್ನು ತೆಗೆದು, "ಇಲ್ಲೇ ಇದೆ ಕಣಮ್ಮ, ಮೊನ್ನೆ ಕ್ಲೀನ್ ಮಾಡ್ವಾಗ ಜೋಪಾನವಾಗಿ ಎತ್ತಿಟ್ಟೆ. ಹೊಸಾದು, ಈ ಹಾಳು ಕರೆಂಟಿಗೆ ಒಡ್ಡಿದ್ರೆ ಸುಟ್ಟೋಗಲ್ವಾ?" ಎಂದರು. ನನ್ನ ಯಜಮಾನರು, "ನೋಡು, ಅದೊಂದಾದ್ರೂ ಉಳೀತಲ್ಲ!" ಎಂದರು. ಆ ಮಾತಿಗಾಗಿ ಅವರಿಗೆ ಎರಡು ದಿನ ನನ್ನ ಕಡೆಯಿಂದಲೂ ಸಪ್ಲೈ ಇರಲಿಲ್ಲ.

ತಮ್ಮ ಆಪ್ತಸೇವಕರಾದ ಲೈನ್‌ಮನ್ ಅವರಲ್ಲೂ ವಿಚಾರಿಸಿದೆ. "ಹೋದ ತಕ್ಷಣ ಪ್ಲಗ್ಗೆಲ್ಲಾ ಕಿತ್ಬಿಡಿ ಮೇಡಂ, ಬಂದು ಐದು ನಿಮಿಷ ಬಿಟ್ಟು ಹಾಕಿ. ಅದೇನ್ ಮಹಾ?" ಎಂದರು. ಮಹಾ ಏನಲ್ಲ. ಒಂದು ಪ್ಲಗ್ಗು ಮಂಚದಡಿ, ಒಂದು ಫ್ರಿಜ್ಜಿನ ಬೆನ್ನ ಹಿಂದೆ, ಒಂದು ಬಟ್ಟೆಯ ರಾಶಿಯೊಳಗೆ, ಮಗು ಕಂಕುಳಲ್ಲಿ. ಹಾಗಾಗಿ ತಮ್ಮಲ್ಲಿ ನನ್ನ ಬಿನ್ನಹವಿಷ್ಟೇ: ಬರುವ ಮುನ್ನ ಹಿರಿಯರಂತೆ ಬಾಗಿಲಲ್ಲಿ ಒಮ್ಮೆ ಕೆಮ್ಮಿರಿ. ಅದು ಗೌರವಕ್ಕೆ ಕುಂದೆನಿಸಿದರೆ, ಹೆಚ್ಚುವರಿ ವೋಲ್ಟೇಜನ್ನು ಚೀಲದಲ್ಲಿ ಕಟ್ಟಿ ಗೇಟಿನ ಬಳಿ ಇಟ್ಟುಹೋಗಿ, ಬಿಡುವಾದಾಗ ತಂದುಕೊಳ್ಳುತ್ತೇವೆ.

ಈಗ ಎಲೆಕ್ಟ್ರಿಷಿಯನ್ ಬಂದು, ಅರ್ತಿಂಗ್ ಸರಿಮಾಡಿ, ಗಾರ್ಡನ್ನು ಮತ್ತೆ ಹಾಕಿದ್ದಾರೆ. ಹೊಸ ನೆಬ್ಯುಲೈಜರ್ ಅದರ ಆಶ್ರಯದಲ್ಲಿದೆ. ಗಾರ್ಡಿನ ಮೇಲೊಂದು ಹಸಿರು ದೀಪವುಂಟು; ಅದು ಆರಿದರೆ ಗಾರ್ಡ್ ಇನ್ನು ಕಾಯಲಾರದೆಂದು ಅರ್ಥವಂತೆ. ಮಗಳ ಎದೆ ಏರಿಳಿಯುವುದನ್ನೊಮ್ಮೆ, ಆ ದೀಪವನ್ನೊಮ್ಮೆ ನೋಡುವುದೇ ನನ್ನ ಉದ್ಯೋಗವಾಗಿದೆ. ಇಂಥ ಜಾಗೃತಿಯನ್ನು ಯಾವ ಗುರುವೂ ಕಲಿಸಿರಲಿಲ್ಲ. ತಮಗೆ ಚಿರಋಣಿ.

ಉಸಿರು ಬಿಗಿಹಿಡಿದು ಕಾದಿರುವ
ತಮ್ಮ ವಿಶ್ವಾಸಿ,
ಮೂರನೆಯ ಮನೆಯ ಮಹಡಿಯ ತಾಯಿ

ತಾ.ಕ.: ನಿನ್ನೆ ಸಂಜೆ ತಾವು ಮತ್ತೆ ಹೋದಿರಿ. ನಾನು ಸ್ನಾನದ ಮನೆಯಿಂದ ಸೋಪಿನ ಕೈಯಲ್ಲೇ ಓಡಿಬಂದರೆ ಪ್ಲಗ್ಗಿನಲ್ಲಿ ಗಾರ್ಡೂ ಇಲ್ಲ, ನೆಬ್ಯುಲೈಜರೂ ಇಲ್ಲ. ನಡುಮನೆಯಲ್ಲಿ ಅತ್ತೆಯವರು ಕಾಲು ಚಾಚಿ ಕೂತಿದ್ದರು: ಮಡಿಲಲ್ಲಿ ಮೊಮ್ಮಗಳು, ಒಂದು ಕಂಕುಳಲ್ಲಿ ಯಂತ್ರ, ಇನ್ನೊಂದರಲ್ಲಿ ಗಾರ್ಡ್. "ಬರ್ಲಿ ಈಗ, ಅದೇನ್ ಮುಟ್ಟುತ್ತೋ ನೋಡ್ತೀನಿ," ಎಂದರು. ತಾವು ಎಂದಿನ ವೈಭವದಿಂದಲೇ ಬಂದಿರಿ. ಒಂದು ಬಲ್ಬನ್ನಷ್ಟೇ ತೆಗೆದುಕೊಂಡು ತೃಪ್ತಿಪಡಬೇಕಾಯಿತು. ನಮ್ಮತ್ತೆಗೆ ಹಸಿರು ದೀಪವಿಲ್ಲ, ಯಾವ ಕಂಪನಿಯ ಗ್ಯಾರಂಟಿಯೂ ಇಲ್ಲ. ಆದರೂ ನಿನ್ನೆ ನಾನು ಎರಡು ಗಂಟೆ ನಿದ್ದೆ ಮಾಡಿದೆ. ಅದಕ್ಕೆ ತಮ್ಮ ಆಕ್ಷೇಪಣೆಯಿದ್ದರೆ, ದಯವಿಟ್ಟು ಅವರೊಡನೆಯೇ ವ್ಯವಹರಿಸುವುದು.