ಬೋರ್ಡಣ್ಣನ ಸ್ವಂತ ಬೋರ್ಡು

ಎಲ್ಲ ರಗಳೆಗೂ ಮೂಲ ಮೊಮ್ಮಗಳ ಹೋಂವರ್ಕು. 'ನಿಮ್ಮ ತಾತ ಹೇಳಿಕೊಟ್ಟ ಬುದ್ಧಿಮಾತುಗಳನ್ನು ಬರೆದುಕೊಂಡು ಬನ್ನಿ' ಎಂದು ಶಾಲೆಯಲ್ಲಿ ಹೇಳಿದ್ದರಂತೆ. ಅವಳು ಹೋಗಿ ಅಮ್ಮನನ್ನು ಕೇಳಿದಳು. ಅಮ್ಮ, ಅಂದರೆ ಬೋರ್ಡಣ್ಣನ ಹೆತ್ತ ಮಗಳು, ತಲೆ ಕೆರೆದುಕೊಂಡು ಹೇಳಿದಳು: "ಒಂದೂ ನೆನಪಾಗ್ತಿಲ್ಲ ಕಣೆ. 'ಬಣ್ಣ ಹಸಿ ಇದೆ, ಮುಟ್ಬೇಡ' ಅಂತಿದ್ರು, ಅಷ್ಟೇ." ಹುಡುಗಿ ಅದನ್ನೇ ದುಂಡಗೆ ಬರೆದು ಹತ್ತಕ್ಕೆ ಎರಡು ಅಂಕ ತಂದಳು.

ಸುದ್ದಿ ತಿಳಿದು ಬೋರ್ಡಣ್ಣನಿಗೆ ಮೈಯೆಲ್ಲ ಉರಿದುಹೋಯಿತು. ನಲವತ್ತೈದು ವರ್ಷ ಅಂಗಡಿ, ಸಲೂನು, ಆಸ್ಪತ್ರೆಗಳಿಗೆ ಬೋರ್ಡು ಬರೆದ ಮನುಷ್ಯ ಅವನು. 'ಇಲ್ಲಿ ವಾಹನ ನಿಲ್ಲಿಸಬೇಡಿ' ಅಂತ ಬರೆದದ್ದೇ ಸಾವಿರ ಸಲ ಆಗಿರಬೇಕು. ಎಲ್ಲ ಕಂಡವರ ಮಾತು! ತನ್ನ ಮಾತು ಅಂತ ಒಂದಕ್ಷರ ಬರೆದಿರಲಿಲ್ಲ. ವಯಸ್ಸು ಎಪ್ಪತ್ತು ದಾಟಿತ್ತು. ಇಂದೋ ನಾಳೆಯೋ ಕಣ್ಣು ಮುಚ್ಚಿದರೆ ಮಕ್ಕಳ ಪಾಲಿಗೆ ಅಪ್ಪ ಎಂದರೆ ಎರಡು ಅಂಕದ ಆಸಾಮಿ. ಛೆ!

ಭಾನುವಾರ ಸಂಜೆ ಐದಕ್ಕೆ ಮಗ, ಮಗಳು, ಮೊಮ್ಮಗಳು ಎಲ್ಲರೂ ಬರುವವರಿದ್ದರು. ತಂಗಿಯ ಮನೆಗೆ ಹೋಗಿದ್ದ ಹೆಂಡತಿಯನ್ನೂ ಮಗನೇ ಕರೆತರುವವನಿದ್ದ. ಬೆಳಿಗ್ಗೆಯೇ ಬೋರ್ಡಣ್ಣ ಬಾಗಿಲು ಹಾಕಿಕೊಂಡು ಬಿಳಿ ಬಳಿದ ತಗಡಿನ ಮೇಲೆ ತನ್ನ ಜೀವನದ ಸಾರವನ್ನು ನೀಲಿ ಬಣ್ಣದಲ್ಲಿ, ಇಪ್ಪತ್ತು ಅಡಿ ದೂರದಿಂದ ಓದುವಂಥ ಅಕ್ಷರದಲ್ಲಿ ಬರೆದ. ಸಣ್ಣ ಅಕ್ಷರ ಬರೆಯಲು ಅವನ ಕೈಗೆ ಬರುತ್ತಲೇ ಇರಲಿಲ್ಲ.

೧. ಕೇಳಿ ತಂದದ್ದನ್ನು ಕೊಟ್ಟವರು ಕೇಳುವ ಮೊದಲೇ ಹಿಂದಿರುಗಿಸು.
೨. ಸಿಟ್ಟು ಬಂದರೆ ಬಾಯಿ ಮುಚ್ಚು, ಬಾಗಿಲು ಬಡಿಯಬೇಡ.
೩. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನು.

ಎರಡು ಹೆಜ್ಜೆ ಹಿಂದೆ ಸರಿದು ಮೂರನ್ನೂ ಮತ್ತೊಮ್ಮೆ ಓದಿಕೊಂಡ. ಆದರೆ ಆಯಿಲ್ ಪೇಂಟು ಒಣಗಬೇಕಲ್ಲ? ಮನೆಯೊಳಗೆ ಬಿಸಿಲಿನ ಸುಳಿವಿಲ್ಲ. ಅಭ್ಯಾಸಬಲದಿಂದ ಬೋರ್ಡನ್ನು ಕೆಳಗೆ ತಂದು, ಕಟ್ಟಡದ ಗೇಟಿನ ಪಕ್ಕ, ರಸ್ತೆಗೆ ಮುಖ ಮಾಡಿ ಒರಗಿಸಿಟ್ಟು ಕಾಫಿ ಕುಡಿಯಲು ಹೋದ. ಕೆಟ್ಟದ್ದು ಅಲ್ಲೇ.

ಅರ್ಧ ಲೋಟ ಮುಗಿಯುವುದರೊಳಗೆ ಕೆಳಗಿನ ಮನೆಯ ಎಲೆಕ್ಟ್ರಿಷಿಯನ್ ಬಂದು ನಿಂತ.

"ಏನ್ ಬೋರ್ಡಣ್ಣ, ನಿಮ್ಮ ಏಣಿ ವಾಪಸ್ ಬೇಕಿದ್ರೆ ಬಾಯ್ಬಿಟ್ಟು ಕೇಳೋದಲ್ವಾ? ಊರಿಗೆಲ್ಲ ಡಂಗುರ ಹೊಡೀಬೇಕಿತ್ತಾ?"

"ಯಾವ ಏಣಿ? ಅಯ್ಯೋ, ನಂಗದು ಮರ್ತೇ ಹೋಗಿತ್ತಪ್ಪ!"

"ಮರ್ತಿದ್ರೆ ನಂಬರ್ ಒಂದು ಅಂತ ಯಾಕೆ ಹಾಕ್ತಿದ್ರಿ?" ಎಂದು ಎಲೆಕ್ಟ್ರಿಷಿಯನ್ ಆರು ತಿಂಗಳ ಹಿಂದೆ ಒಯ್ದ ಏಣಿಯನ್ನು ತಂದು ದಡಾರನೆ ಎಸೆದ. ಅದರಲ್ಲಿ ಎರಡು ಮೆಟ್ಟಿಲೇ ಇರಲಿಲ್ಲ.

ಅಷ್ಟರಲ್ಲಿ ಮೇಲಿನ ಮನೆಯಾಕೆ ಸೊಂಟಕ್ಕೆ ಕೈ ಕೊಟ್ಟು ಇಳಿದುಬಂದಳು. "ನಮ್ಮನೆ ಬಾಗಿಲು ಬಡ್ಕೊಳ್ಳೋದು ಗಾಳಿಗೆ, ತಿಳೀತಾ? ಗಾಳಿಗೆ ಬುದ್ಧಿ ಹೇಳಿ ಹೋಗಿ!" ಎಂದವಳೇ ಮೇಲೆ ಹೋಗಿ, ಗಾಳಿಯ ಹಂಗಿಲ್ಲದೆ, ಕಿಟಕಿ ಗಾಜುಗಳೆಲ್ಲ ಅದುರುವಂತೆ ಬಾಗಿಲು ಬಡಿದಳು.

ಮೂರನೆಯವನು ಔಷಧಿ ಅಂಗಡಿಯವನು, ಕಟ್ಟಡದ ಸೆಕ್ರೆಟರಿ ಬೇರೆ. "ನಿಮ್ಮ ಕೆಮ್ಮಿಗೆ ನಾನು ಕೊಟ್ಟ ಸಿರಪ್ ಹಿಡೀಲಿಲ್ಲ ಅಂತ ಮೂರನೇ ಸಾಲಲ್ಲಿ ಹೀಗಾ ಸೇಡು ತೀರಿಸ್ಕೊಳ್ಳೋದು? ಮೊದ್ಲು ತೆಗೀರಿ ಇದನ್ನ."

"ಸ್ವಾಮಿ, ಇದು ನಿಮಗಲ್ಲ! ನನ್ನ ಮಕ್ಕಳಿಗೆ!" ಬೋರ್ಡಣ್ಣನಿಗೆ ಕೂಗಿ ಕೂಗಿ ಮತ್ತೆ ಕೆಮ್ಮು ಬಂತು.

"ಹಂಗಂತ ಎಲ್ಲಿ ಬರ್ದಿದೆ?"

ಆ ಮಾತೇನೋ ಸರಿಯೇ. ಬೋರ್ಡಣ್ಣ ಕುಂಚ ತಂದು ಮೇಲ್ಗಡೆ ಉಳಿದಿದ್ದ ಜಾಗದಲ್ಲಿ ಬರೆದ: 'ಇದು ನಮ್ಮ ಮನೆಯವರಿಗೆ ಮಾತ್ರ.' ಸದ್ಯ, ಪೀಡೆ ತೊಲಗಿತು ಅಂದುಕೊಂಡ.

ತೊಲಗುತ್ತದೆಯೇ? ಹತ್ತು ನಿಮಿಷದಲ್ಲಿ ಮೇಲಿನ ಮನೆಯಾಕೆ ಮತ್ತೆ ಇಳಿದುಬಂದಳು. ಈ ಸಲ ದನಿ ಬೆಣ್ಣೆಯಂತಿತ್ತು. "ಪಾಪ, ನಿಮ್ಮನೇಲಿ ಇಷ್ಟೆಲ್ಲ ನಡೀತಿದ್ಯಾ? ಯಾರದು ಬಾಗಿಲು ಬಡಿಯೋದು, ಸೊಸೇನಾ?"

"ಮಗನಿಗೆ ಇನ್ನೂ ಮದುವೇನೇ ಆಗಿಲ್ಲ ಕಣಮ್ಮ!"

"ಹಂಗಾದ್ರೆ ಮಗಾನೇ," ಎಂದು ಎಲೆಕ್ಟ್ರಿಷಿಯನ್ ತೀರ್ಮಾನ ಕೊಟ್ಟ. "ಏನ್ ಎತ್ಕೊಂಡು ಬಂದ? ಎಲ್ಲಿಂದ?"

ಬೋರ್ಡಣ್ಣ ಹಣೆ ಚಚ್ಚಿಕೊಂಡ. ಬೋರ್ಡು ಎತ್ತೋಣವೆಂದರೆ ಆಗಷ್ಟೇ ಬರೆದ ಸಾಲು ಹಸಿ, ಸಂಜೆಯವರೆಗೂ ಒಣಗುವಂತಿಲ್ಲ. ಬಿಡೋಣವೆಂದರೆ ದಾರಿಯಲ್ಲಿ ಹೋಗುವವರೆಲ್ಲ ನಿಂತು ಓದಿ, ಲೊಚಗುಟ್ಟಿ, ಮನೆ ಯಾವುದೆಂದು ತಲೆಯೆತ್ತಿ ನೋಡುತ್ತಿದ್ದರು. ಐದು ಗಂಟೆಗೆ ಮಗ ತಾಯಿಯನ್ನೂ ಅಕ್ಕನನ್ನೂ ಮಗುವನ್ನೂ ಕಾರಿನಿಂದ ಇಳಿಸಿದಾಗ ಗೇಟಿನ ಬಳಿ ಹದಿನೈದು ಜನರಿದ್ದರು. ಎಲೆಕ್ಟ್ರಿಷಿಯನ್ ಮುಂದೆ ಬಂದು ಅವನ ಹೆಗಲ ಮೇಲೆ ಕೈಯಿಟ್ಟ.

"ತಮ್ಮಾ, ಏನ್ ತಂದಿದ್ರೂ ವಾಪಸ್ ಕೊಟ್ಬಿಡಪ್ಪ. ಯಾರೂ ಏನೂ ಅನ್ನಲ್ಲ."

ಮಗ ಬೋರ್ಡು ನೋಡಿದ, ಅಪ್ಪನನ್ನು ನೋಡಿದ. ಮುಖ ಕೆಂಪಗಾಯಿತು. ತುಟಿ ಬಿಗಿದುಕೊಂಡು ಬೋರ್ಡನ್ನು ಅಂಚಿನಲ್ಲಿ ಹಿಡಿದೆತ್ತಿ ಮನೆಯೊಳಗೆ ತಂದ. ಬಾಗಿಲನ್ನು ಮೆಲ್ಲಗೆ ಹಾಕಿದ.

ಹಾಲಿನಲ್ಲಿ ನಾಲ್ಕೂ ಜನ ನಿಂತು ಓದತೊಡಗಿದರು. ಬೋರ್ಡಣ್ಣ ಮೂಲೆಯಲ್ಲಿ ಕೈಕಟ್ಟಿ ನಿಂತ. ಬೀದಿಯಲ್ಲಿ ಮಾನ ಹೋದರೆ ಹೋಗಲಿ, ಇವರು ಓದಿದರಲ್ಲ. ಮಗಳ ಕಣ್ಣಲ್ಲಿ ನೀರಾಡಿತು.

"ಅಪ್ಪಾ, ಒಂದಕ್ಷರಾನೂ ಬಿಟ್ಟಿಲ್ವಲ್ಲ!"

"ಏನು ಬಿಟ್ಟಿಲ್ಲ?"

"ಅಮ್ಮ ಹೇಳೋದೆಲ್ಲ! ಪಕ್ಕದ ಮನೆ ಕತ್ತರಿ ನಾನು ವಾರಗಟ್ಲೆ ಇಟ್ಕೊಂಡಿದ್ದಾಗ ಅಮ್ಮ ಇದೇ ಮಾತು ಹೇಳಿ ಕಳ್ಸಿದ್ಲು."

"ಎರಡನೇದು ನಂಗೆ," ಎಂದ ಮಗ. "ದಿನಾ ಹೇಳೋಳು. ಈಗ ಬಾಗಿಲು ಹಾಕೋವಾಗ್ಲೂ ಅದೇ ನೆನಪಾಯ್ತು."

"ಏನ್ರೋ ಹೇಳ್ತಿದೀರಾ? ಇದು ನಂದು! ನನ್ನ ಅನುಭವ!" ಬೋರ್ಡಣ್ಣ ಕಿರುಚಿದ. "ಮೂರನೇದು? ಅದನ್ನ ಯಾರಿಗೆ ಹೇಳಿದ್ಲಂತೆ?"

"ನಿಮಗೇ ರೀ," ಎಂದಳು ಹೆಂಡತಿ, ಚಪ್ಪಲಿ ಬಿಡುತ್ತ. "ಮದುವೆಯಾದ ಹೊಸದ್ರಲ್ಲಿ, ದಾರಿ ಗೊತ್ತು ಗೊತ್ತು ಅಂತ ಮೂರು ಗಂಟೆ ಹೊತ್ತು ಬಿಸಿಲಲ್ಲಿ ನಡೆಸಿದ್ರಲ್ಲ, ಅವತ್ತು. ಆಮೇಲೂ ನೂರು ಸಲ ಹೇಳಿದೀನಿ. ಈ ಮನುಷ್ಯನ ಕಿವಿಗೆ ಒಂದೂ ಬೀಳ್ತಿಲ್ಲ ಅಂದ್ಕೊಂಡಿದ್ದೆ ಇಷ್ಟು ವರ್ಷ. ಎಲ್ಲಾ ಬಿದ್ದಿದೆ!" ಅಷ್ಟು ಸಂತೋಷ ಅವಳ ಮುಖದಲ್ಲಿ ಅವನು ಕಂಡು ಎಷ್ಟೋ ಕಾಲವಾಗಿತ್ತು.

ಬೋರ್ಡಣ್ಣ ಬಾಯಿ ತೆರೆದ. ಈ ಮಾತುಗಳನ್ನು ತಾನೇ ಹೇಳಿದ ಒಂದಾದರೂ ದಿನವನ್ನು ನೆನಪಿಸಿಕೊಳ್ಳಲು ನೋಡಿದ. ಮೂರು ಸಾಲೂ ಹೆಂಡತಿಯ ದನಿಯಲ್ಲೇ ಕೇಳಿಸಿದವು. ಬಾಯಿ ಮುಚ್ಚಿಕೊಂಡ.

"ಅಪ್ಪ, ಇದನ್ನ ಇಲ್ಲೇ ಗೋಡೆಗೆ ಹಾಕೋಣ," ಎಂದಳು ಮಗಳು. "ಕೆಳಗಡೆ ಅಮ್ಮನ ಹೆಸ್ರು ಬರ್ದ್ಬಿಡಿ. ದೊಡ್ಡದಾಗಿ."

ಮಗ ಆಗಲೇ ಕುಂಚ ತಂದು ಕೈಗೆ ಕೊಟ್ಟಿದ್ದ. ಬೋರ್ಡಣ್ಣ ಕುಂಚ ನೋಡಿದ, ಬೋರ್ಡು ನೋಡಿದ, ಹೆಂಡತಿಯನ್ನು ನೋಡಿದ. ಹಲ್ಲು ಕಚ್ಚಿಕೊಂಡು ಕೇಳಿದ:

"ಯಾವ ಬಣ್ಣ?"

"ಕೆಂಪು," ಎಂದಳು ಅವಳು. "ಅಂಗಡಿ ಬೋರ್ಡಿನ ಹಾಗೆ ಅಕ್ಷರದ ಹಿಂದೆ ನೆರಳು ಕೊಟ್ಟು ಬರೀರಿ."