ಹೂಂ ಅಂದವನು ಯಾರು?

ನಾನು ಒಬ್ಬನಲ್ಲ, ಇಬ್ಬರು ಎಂಬ ಗುಮಾನಿ ನನಗೆ ಬಹಳ ವರ್ಷಗಳಿಂದ ಇದೆ. ಗಾಬರಿಯಾಗಬೇಡಿ, ಡಾಕ್ಟರಿಗೆ ತೋರಿಸುವಂಥದ್ದೇನಲ್ಲ. ಒಬ್ಬ ಈ ದೇಹ. ಬೆಳಿಗ್ಗೆ ಸ್ಕೂಟರಿನಲ್ಲಿ ಮೇಟಗಳ್ಳಿಯ ಕಾರ್ಖಾನೆಗೆ ಹೋಗಿ ಸಂಜೆ ಮರಳುವವನು, ಹೊಟ್ಟೆ ಬೆಳೆಸಿಕೊಂಡವನು, ಕೂದಲು ಕಳೆದುಕೊಂಡವನು. ಇನ್ನೊಬ್ಬ ಒಳಗೆ ಕೂತಿರುವ ನಾನು: ಸಜ್ಜನ, ಮಿತಾಹಾರಿ, ಸತ್ಯವಂತ. ನಮ್ಮದು ಮಠಕ್ಕೆ ನಡೆದುಕೊಳ್ಳುವ ಮನೆತನ. ದೇಹ ಬಾಡಿಗೆ ಮನೆ, ಜೀವ ಬಾಡಿಗೆದಾರ ಎಂಬ ಮಾತನ್ನು ಅಲ್ಲಿನ ಪ್ರವಚನಗಳಲ್ಲಿ ಚಿಕ್ಕಂದಿನಿಂದಲೂ ಕೇಳಿದ್ದೇನೆ. ಬೇರೆಯವರಿಗೆ ಅದರಿಂದ ವೈರಾಗ್ಯ ಬಂತೋ ಏನೋ, ನನಗಂತೂ ಬಹಳ ಅನುಕೂಲವಾಯಿತು. ಮನೆಯ ಗೋಡೆ ಬಿರುಕು ಬಿಟ್ಟರೆ ಬಾಡಿಗೆದಾರನನ್ನು ಯಾರೂ ಕೇಳುವುದಿಲ್ಲವಲ್ಲ.

ಹೀಗಾಗಿ ಹಬ್ಬದ ದಿನ ಇನ್ನೊಂದು ಹೋಳಿಗೆ ಎಲೆಗೆ ಬಿದ್ದರೆ ಅದು ನಾಲಿಗೆಯ ಕೆಲಸ. ಬೇಡ ಬೇಡ ಎಂದು ಒಳಗಿನಿಂದ ಹೇಳಿದವನು ನಾನು. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯಲು ಮನಸ್ಸು ದಿನಾ ಬೆಳಗಾಗುವ ಮೊದಲೇ ಎದ್ದು ಸಿದ್ಧವಾಗಿರುತ್ತದೆ, ಮೈ ಏಳುವುದಿಲ್ಲ, ನಾನೇನು ಮಾಡಲಿ? ಕಾರ್ಖಾನೆಯಲ್ಲಿ ಮ್ಯಾನೇಜರು ಹೇಳಿದ ಸಪ್ಪೆ ಜೋಕಿಗೆ ನಕ್ಕದ್ದು ಹಲ್ಲು. ಆ ಸಿಟ್ಟಿಗೆ ಮನೆಗೆ ಬಂದು ಹೆಂಡತಿಯ ಮೇಲೆ ರೇಗಿದ್ದು ಬಿ.ಪಿ. ಒಮ್ಮೆ ಕೆಂಪು ದೀಪ ದಾಟಿ ಸಿಕ್ಕಿಬಿದ್ದಾಗಲೂ ನಿಲ್ಲಬೇಕೆಂದು ಮನಸ್ಸಿನಲ್ಲಿತ್ತು, ಕಾಲು ಬ್ರೇಕ್ ಒತ್ತಲಿಲ್ಲ ಎಂದು ಪೊಲೀಸಿನವರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಒಂದಿಷ್ಟೂ ತಲೆ ಕೆಡಿಸಿಕೊಳ್ಳದೆ, ಮನಸ್ಸು ಬೇಕಾದರೆ ಹೊರಡಲಿ, ಕಾಲು ದಂಡ ಕಟ್ಟಿ ಆಮೇಲೆ ಬರಲಿ ಎಂದರು. ನಾವಿಬ್ಬರೂ ಒಟ್ಟಿಗೇ ಹೋಗಿ ಕಟ್ಟಿ ಬಂದೆವು.

ಈ ಇಬ್ಬರಲ್ಲಿ ಹೊರಗಿನವನಿಗೆ ಒಂದು ವಿಚಿತ್ರ ಅಭ್ಯಾಸವಿದೆ. ನಿದ್ದೆಯಲ್ಲಿ ಯಾರು ಏನು ಕೇಳಿದರೂ ಅವನು ‘ಹೂಂ’ ಅನ್ನುತ್ತಾನೆ. ಇದನ್ನು ಕಲಿಸಿದ್ದು ಅಮ್ಮನೇ. ನಾನು ಚಿಕ್ಕವನಾಗಿದ್ದಾಗ ಅವಳು ಕತೆ ಹೇಳುವಾಗ ಹೂಂಗುಟ್ಟದಿದ್ದರೆ ಅಲ್ಲಿಗೇ ನಿಲ್ಲಿಸಿಬಿಡುತ್ತಿದ್ದಳು. ರಾಜಕುಮಾರ ಏಳು ಸಮುದ್ರದ ನಡುವೆ ಸಿಕ್ಕಿಹಾಕಿಕೊಂಡಿರುವಾಗ ಹಾಗೆ ಬಿಟ್ಟು ಮಲಗಲು ಯಾರಿಗೆ ಮನಸ್ಸಾದೀತು? ಅವನನ್ನು ದಡ ಸೇರಿಸುವ ಕಾಳಜಿಯಲ್ಲಿ ನಾನು ನಿದ್ದೆಯಲ್ಲೂ ಹೂಂಗುಟ್ಟುವುದನ್ನು ಕಲಿತೆ. ಆಮೇಲೆ ರಾಜಕುಮಾರನೂ ಹೋದ, ಸಮುದ್ರವೂ ಹೋಯಿತು, ಹೂಂ ಮಾತ್ರ ಉಳಿಯಿತು. ಭಾನುವಾರ ಮಧ್ಯಾಹ್ನ ಮುದ್ದೆ, ಅವರೆಕಾಳಿನ ಸಾರು ಉಂಡು ನಡುಮನೆಯಲ್ಲಿ ಚಾಪೆ ಹಾಸಿ ಫ್ಯಾನಿನ ಕೆಳಗೆ ನಾನು ಉರುಳಿಕೊಂಡರೆ ನಮ್ಮ ಮನೆಯಲ್ಲಿ ಅದು ಅರ್ಜಿ ವಿಲೇವಾರಿಯ ಸಮಯ. ಕಿಟಕಿಗೆ ಹೊಸ ಪರದೆ ಬಂದದ್ದು ಹಾಗೆ. ನನ್ನ ಹೆಂಡತಿ ಗಿರಿಜಾಳ ತಂಗಿಯ ಸಂಸಾರ ಜಂಬೂಸವಾರಿ ನೋಡಲೆಂದು ಬಂದು ದಸರಾ ರಜೆ ಪೂರ್ತಿ ನಮ್ಮಲ್ಲೇ ಉಳಿದದ್ದೂ ಹಾಗೆಯೇ. ಎದ್ದ ಮೇಲೆ ಎಷ್ಟು ಕೂಗಾಡಿದರೂ, ನೀವೇ ಹೂಂ ಅಂದಿರಿ ಎಂಬ ಒಂದೇ ಮಾತಿಗೆ ನನ್ನ ಬಾಯಿ ಮುಚ್ಚುತ್ತಿತ್ತು.

ಹೋದ ಬೇಸಿಗೆಯ ಒಂದು ಭಾನುವಾರ ನಿದ್ದೆಯಿಂದ ಏಳುವಷ್ಟರಲ್ಲಿ ಕಾಫಿ ತಾನಾಗಿಯೇ ಬಂದು ಪಕ್ಕದಲ್ಲಿ ಕೂತಿತ್ತು. ಕೇಳದೆ ಕಾಫಿ ಬಂದರೆ ಏನೋ ಎಡವಟ್ಟಾಗಿದೆ ಎಂದೇ ಅರ್ಥ. ನೋಡಿದರೆ ಲೋಟದ ಪಕ್ಕ ಒಂದು ಕಾಗದ, ಅದರ ಮೇಲೆ ಪೆನ್ನು, ಎದುರಿನ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ನಮ್ಮಮ್ಮ ಸರ್ವಮಂಗಳಮ್ಮ. ಎಪ್ಪತ್ತು ದಾಟಿ ಎಷ್ಟೋ ಕಾಲವಾದರೂ ಟಿ.ವಿ. ರಿಮೋಟನ್ನು ಯಾರಿಗೂ ಬಿಟ್ಟುಕೊಡದ ಹೆಂಗಸು. ಪಕ್ಕದ ಮನೆಯ ರಿಟೈರ್ಡ್ ನರ್ಸಮ್ಮ ಅವಳ ಸ್ನೇಹಿತೆ. ಆ ಕಾಗದವನ್ನು ತಂದುಕೊಟ್ಟವರೂ ಅವರೇ. ತಾನು ತೀರಿಕೊಂಡ ಮೇಲೆ ತನ್ನ ದೇಹವನ್ನು ಡಾಕ್ಟರಿಕೆ ಓದುವ ಮಕ್ಕಳ ಕಲಿಕೆಗೆ ಮೆಡಿಕಲ್ ಕಾಲೇಜಿಗೆ ಕೊಡಬೇಕು ಎಂದು ಅಮ್ಮ ಅದರಲ್ಲಿ ಬರೆದುಕೊಟ್ಟಿದ್ದಳು. ಕೆಳಗೆ ಮಗನ ಒಪ್ಪಿಗೆಯ ಸಹಿ ಬಾಕಿ.

“ನೀ ಹೂಂ ಅಂದ್ಬುಟ್ಟೆ ಕಣೋ. ಕಿವಿಗೆ ಕೇಳಿಸ್ತೋ ಇಲ್ವೋ ಅಂತ ಇನ್ನೊಂದ್ ಸಲ ಕೇಳ್ದೆ. ಆಗ್ಲೂ ಅಂದೆ” ಎಂದಳು ಅಮ್ಮ.

ಅಮ್ಮ ಸಾಯುವ ವಿಷಯವನ್ನೇ ನಾನು ಅದುವರೆಗೆ ಮನೆಯೊಳಗೆ ಬಿಟ್ಟುಕೊಂಡಿರಲಿಲ್ಲ. ಅಂಥದ್ದರಲ್ಲಿ ಅದು ಕಾಫಿಯ ಜೊತೆಗೆ ಬಂದು ಕೂತಿದೆ. ಸಾಧ್ಯವಿಲ್ಲ ಅಂದೆ. ನಮ್ಮಲ್ಲಿ ಮಣ್ಣು ಮಾಡುವುದು ಪದ್ಧತಿ, ಕಡಕೊಳದ ನಮ್ಮ ಜಮೀನಿನಲ್ಲಿ ಅಪ್ಪನ ಸಮಾಧಿಯ ಪಕ್ಕದಲ್ಲೇ ನಿನಗೆ ಜಾಗ ಬಿಟ್ಟಿದ್ದೇವೆ, ಮಠದಲ್ಲಿ ಏನನ್ನುತ್ತಾರೆ, ನೆಂಟರು ಏನನ್ನುತ್ತಾರೆ ಎಂದು ಒಂದೇ ಉಸಿರಿಗೆ ಹೇಳಿದೆ. ಅಮ್ಮ ಮಠಕ್ಕೆ ಆಗಲೇ ಹೋಗಿ ಕೇಳಿಕೊಂಡು ಬಂದಿದ್ದಳಂತೆ. ಅಲ್ಲಿನ ಸ್ವಾಮಿಗಳು, ನಮ್ಮ ಬುದ್ಧಿಯವರು, ಒಳ್ಳೆಯ ಕೆಲಸ ಎಂದು ಹಣ್ಣು ಕೊಟ್ಟು ಕಳಿಸಿದರಂತೆ. ಇನ್ನು ಅಪ್ಪನ ಪಕ್ಕದ ಜಾಗದ ಮಾತಿಗೆ, ಜೀವಮಾನವೆಲ್ಲ ಅವರ ಪಕ್ಕದಲ್ಲಿ ಮಲಗಿ ಗೊರಕೆ ಕೇಳಿದ್ದು ಸಾಕಾಗಿದೆ, ಅಲ್ಲಾದರೂ ಒಬ್ಬರೇ ಆರಾಮಾಗಿ ಮಲಗಲಿ ಬಿಡು ಎಂದಳು.

ಕೊನೆಗೆ ನಾನು ನನ್ನ ಹಳೆಯ ಸಿದ್ಧಾಂತವನ್ನೇ ಹೊರತೆಗೆದೆ. ಅಮ್ಮಾ, ಹೂಂ ಅಂದದ್ದು ನಾನಲ್ಲ, ಈ ಮೈ. ನಾನು ಆಗ ನಿದ್ದೆಯಲ್ಲಿದ್ದೆ. ನನಗೆ ಗೊತ್ತಿಲ್ಲದೆ ಮೈ ಆಡಿದ ಮಾತಿಗೆ ನಾನು ಹೊಣೆಯಲ್ಲ ಎಂದು ಬಿಡಿಸಿ ಹೇಳಿದೆ. ಅಮ್ಮ ಪೂರ್ತಿ ಕೇಳಿಸಿಕೊಂಡಳು.

“ನಾ ಹೆತ್ತಿದ್ದು ಆ ಮೈನೇ ಕಣಪ್ಪ. ಎಣ್ಣೆ ಹಚ್ಚಿ ನೀರು ಉಯ್ದಿದ್ದೂ ಅದಕ್ಕೇಯ. ಒಳಗೆ ಯಾವನೋ ಇದಾನೆ ಅಂತೀಯಲ್ಲ, ಅವ್ನು ಯಾವಾಗ ಬಂದು ಸೇರ್ಕೊಂಡ್ನೋ ನಂಗೆ ಗೊತ್ತಿಲ್ಲ. ನನ್ ಮಗ ಹೂಂ ಅಂದಾಯ್ತು. ಆ ಒಳಗಿನವ್ನ ಒಪ್ಪಿಗೆ ನಂಗ್ಯಾಕೆ?” ಅಂದಳು.

ನಾನು ತಬ್ಬಿಬ್ಬಾಗಿ ಅಡಿಗೆಮನೆಯ ಕಡೆ ನೋಡಿದೆ. ಗಿರಿಜಾ ವಕೀಲರ ಮಗಳು. ಕಷ್ಟದಲ್ಲಿ ಗಂಡನ ಕೈ ಹಿಡಿಯುತ್ತಾಳೆ ಎಂಬ ಆಸೆ ನನಗೆ ಇನ್ನೂ ಬಿಟ್ಟಿಲ್ಲ. ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಬಾಗಿಲಿಗೆ ಒರಗಿ ನಿಂತಳು.

“ರೀ, ನಿಮ್ಮ ಮೈ ಬೇರೆ, ನೀವು ಬೇರೆ ಅಂತಾದ್ರೆ ಅತ್ತೆ ಮೈಯೂ ಬೇರೆ, ಅತ್ತೆಯೂ ಬೇರೆ. ಬರೀ ಮೈಯನ್ನ ಕಾಲೇಜಿಗೆ ಕೊಟ್ರೆ ನಿಮ್ಮ ಗಂಟೇನು ಹೋಗುತ್ತೆ? ಇಲ್ಲ, ಎರಡೂ ಒಂದೇ ಅಂತೀರಾ, ಹಾಗಾದ್ರೆ ಹೂಂ ಅಂದಿದ್ದು ನೀವೇ. ಯಾವ ಕಡೆಯಿಂದ ಬಂದ್ರೂ ಸಹಿ ಹಾಕ್ಬೇಕು ಕಣ್ರೀ.”

ಅತ್ತೆ ಸೊಸೆ ಇಬ್ಬರೂ ಒಂದೇ ಪಕ್ಷ ಸೇರಿದ್ದು ನಮ್ಮ ಮನೆಯಲ್ಲಿ ಅದೇ ಮೊದಲು. ನನಗೆ ಯೋಚನೆ ಮಾಡಲು ಕಾಲಾವಕಾಶ ಬೇಕು ಎಂದು ಎದ್ದು ಹೋದೆ. ಕಾರ್ಖಾನೆಯಲ್ಲಿ ನನ್ನ ಕೆಲಸ ತಯಾರಾಗಿ ಬಂದ ಬಿಡಿಭಾಗಗಳನ್ನು ಪರೀಕ್ಷಿಸಿ ಇದು ಸರಿ, ಇದು ತಿರಸ್ಕೃತ ಎಂದು ಗುರುತು ಹಾಕುವುದು. ಆ ವಾರ ಯಾವುದನ್ನು ಕೈಗೆತ್ತಿಕೊಂಡರೂ ಅಮ್ಮನೇ ಕಣ್ಣ ಮುಂದೆ ಬರುತ್ತಿದ್ದಳು. ಅಮ್ಮ ಎಂದರೆ ಜೀವ, ದೇಹವಲ್ಲ ಎಂದು ಎಷ್ಟು ಹೇಳಿಕೊಂಡರೂ ಆ ಜೀವ ಬರಿಗೈಯಲ್ಲಿ ಒಮ್ಮೆಯೂ ಬರಲಿಲ್ಲ. ಚಕ್ಕುಲಿ ಕರಿಯುವಾಗ ಎಣ್ಣೆ ಸಿಡಿದು ಉಳಿದ ಮುಂಗೈ ಕಲೆಯನ್ನು ತಂದಿತು, ಕಾಲುಂಗುರ ತೆಗೆದು ಎಷ್ಟೋ ವರ್ಷವಾದರೂ ಬೆರಳಿನಲ್ಲಿ ಹಾಗೇ ಇರುವ ತಗ್ಗನ್ನು ತಂದಿತು, ಜ್ವರ ಬಂದಾಗ ನನ್ನ ಹಣೆಯ ಮೇಲೆ ಇಡುತ್ತಿದ್ದ ಒರಟು ಅಂಗೈಯನ್ನು ತಂದಿತು. ಅದನ್ನೆಲ್ಲ ಯಾರೋ ಹುಡುಗರು ಮೇಜಿನ ಮೇಲೆ ಮಲಗಿಸಿಕೊಂಡು ನೋಡುವುದನ್ನು ನೆನೆದು ಸಂಕಟವಾಯಿತು. ಇಷ್ಟು ದಿನ ನನ್ನ ದೇಹದ ವಿಷಯದಲ್ಲಿ ಅಷ್ಟು ಉದಾರವಾಗಿ ಬಾಡಿಗೆದಾರನಾಗಿದ್ದವನು ಅಮ್ಮನ ದೇಹದ ವಿಷಯ ಬಂದ ಕೂಡಲೇ ಸ್ವಂತ ಮನೆ ಎಂದು ಹಟ ಹಿಡಿದು ಕೂತಿದ್ದೆ.

ಒಂದು ಸಂಜೆ ತಡೆಯಲಾರದೆ ಅಮ್ಮನನ್ನೇ ಕೇಳಿದೆ. ಪ್ರಪಂಚದಲ್ಲಿ ಇಷ್ಟೊಂದು ದಾನಗಳಿರುವಾಗ ಇದೇ ಯಾಕೆ ಬೇಕು? ಅವಳು ಸೊಪ್ಪು ಬಿಡಿಸುತ್ತಾ ಕಡಕೊಳದ ರೈಲಿನ ವಿಷಯ ಎತ್ತಿದಳು. ಅವಳ ತವರೂ ಕಡಕೊಳವೇ. ಅವಳು ಹುಡುಗಿಯಾಗಿದ್ದಾಗ ಊರಿನ ಒಂದಿಬ್ಬರು ಹುಡುಗಿಯರು ಬೆಳಗಿನ ರೈಲು ಹತ್ತಿ ಮೈಸೂರಿಗೆ ಕಾಲೇಜಿಗೆ ಬರುತ್ತಿದ್ದರಂತೆ. ಇವಳು ಎಮ್ಮೆ ಹೊಡೆದುಕೊಂಡು ಹೋಗುತ್ತಾ ನಿಂತು ನೋಡುತ್ತಿದ್ದಳಂತೆ. ಇವಳನ್ನು ಶಾಲೆ ಬಿಡಿಸಿ ಮದುವೆ ಮಾಡಿದರು. ಮದುವೆಯಾಗಿ ಮೈಸೂರಿಗೆ ಬಂದಳು, ಕಾಲೇಜಿಗೆ ಬರಲಿಲ್ಲ. ಈ ಕತೆಯನ್ನು ಅವಳು ನನಗೆ ಹಿಂದೆ ಯಾವತ್ತೂ ಹೇಳಿರಲಿಲ್ಲ.

“ಓದಕ್ಕಂತೂ ಯಾರೂ ಕಳಿಸ್ಲಿಲ್ಲ. ಈಗ ಪಾಠ ಹೇಳಕ್ಕೇ ಕರೀತಾವ್ರೆ. ಬ್ಯಾಡ ಅಂತೀಯೇನೋ?” ಎಂದು ಕೇಳಿ ಅಮ್ಮ ಮತ್ತೆ ಸೊಪ್ಪಿನ ಕಡೆ ತಿರುಗಿದಳು.

ನಾನು ಕಾಗದ ತಂದು ಸಹಿ ಹಾಕಿದೆ. ಗಿರಿಜಾ ಪಕ್ಕದಲ್ಲಿ ನಿಂತು, ಇದು ಕೈ ಹಾಕಿದ ಸಹಿಯೋ ನೀವು ಹಾಕಿದ್ದೋ, ಆಮೇಲೆ ತಕರಾರು ಬರಬಾರದು ಎಂದಳು. ನಾನೇ ಅಂದೆ. ಎಷ್ಟೋ ವರ್ಷಗಳ ಮೇಲೆ ಒಂದು ಕೆಲಸವನ್ನು ಪೂರ್ತಿ ನನ್ನ ತಲೆಯ ಮೇಲೆ ಹೊತ್ತುಕೊಂಡೆ, ಕತ್ತು ಸ್ವಲ್ಪ ನೋಯಿತು.

ಆಮೇಲೆ ಶುರುವಾಯಿತು ನೋಡಿ ಅಮ್ಮನ ಹೊಸ ಅವತಾರ. ಬಿ.ಪಿ. ಮಾತ್ರೆ ನುಂಗು ಎಂದು ನಾನು ಗೋಗರೆದಾಗೆಲ್ಲ ಸೆರಗಿನ ತುದಿಯಲ್ಲಿ ಗಂಟು ಹಾಕಿಟ್ಟು ಮರೆಯುತ್ತಿದ್ದವಳು ಈಗ ಹೊತ್ತಿಗೆ ಸರಿಯಾಗಿ ಕೇಳಿ ಪಡೆಯುತ್ತಾಳೆ. ಅಟ್ಟದ ಉಪ್ಪಿನಕಾಯಿ ಜಾಡಿಗಾಗಿ ಸ್ಟೂಲು ಹತ್ತುವುದನ್ನು ಬಿಟ್ಟಿದ್ದಾಳೆ. ಬಿದ್ದು ಮೂಳೆ ಮುರಿದರೆ ಆ ಮಕ್ಕಳು ಸೊಟ್ಟ ಮೂಳೆ ನೋಡಿಕೊಂಡು ತಪ್ಪು ಕಲಿಯುತ್ತಾರಂತೆ. ಪರರ ಸಾಮಾನನ್ನು ಜೋಪಾನ ಮಾಡುವಷ್ಟು ಶ್ರದ್ಧೆಯನ್ನು ನಮ್ಮ ಮನೆಯ ಹೆಂಗಸರು ತಮ್ಮ ಸಾಮಾನಿನ ಮೇಲೆ ಯಾವತ್ತೂ ತೋರಿಸಿದವರಲ್ಲ.

ಮೊನ್ನೆ ಸಂಜೆ ಕಾಲು ನೋವೆಂದು ಅಮ್ಮ ಮಂಚದ ಮೇಲೆ ಒರಗಿದ್ದಳು. ನಾನು ಹೋಗಿ ಕಾಲು ಒತ್ತಲು ಕೂತೆ. ಮೆಲ್ಲಗೆ ಒತ್ತಪ್ಪ, ಕಾಲೇಜಿನೋರ್ದು ಎಂದು ಹೇಳಿ ಅವಳು ಕಣ್ಣು ಮುಚ್ಚಿಕೊಂಡಳು. ನಾನೂ ಹಾಗೆಯೇ, ಇದು ಕಾಲೇಜಿನವರದು, ಅಮ್ಮ ಬೇರೆ ಇದು ಬೇರೆ ಎಂದುಕೊಂಡು ಒತ್ತಲು ನೋಡಿದೆ. ಆಗಲಿಲ್ಲ. ಕಾಲುಂಗುರದ ಆ ತಗ್ಗು ಸಿಕ್ಕಿದ ಕೂಡಲೇ ಕೈ ಅಲ್ಲೇ ನಿಂತುಬಿಟ್ಟಿತು. ಒತ್ತುವುದು ನಿಂತದ್ದಕ್ಕೆ ಅಮ್ಮ ಕಣ್ಣು ಬಿಟ್ಟು ನನ್ನ ಮುಖ ನೋಡಿದಳು. ಅಳ್ತಿದೀಯೇನೋ ಎಂದು ಕೇಳಿದಳು. ಇಲ್ಲಮ್ಮ ಎಂದೆ. ಕಣ್ಣೀರಿನ ಹೊಣೆ ಬೇಕಾದರೆ ಕಣ್ಣಿನದಿರಲಿ, ಆ ಸುಳ್ಳನ್ನು ಮಾತ್ರ ನಾನೇ, ಪೂರ್ತಿ ಎಚ್ಚರವಾಗಿದ್ದು ಹೇಳಿದೆ.