ಕಲ್ಲಿನ ಹಕ್ಕಿಯೂ ನನ್ನ ತೋರುಬೆರಳೂ

ಮೈಸೂರಿನಲ್ಲಿ ಹುಟ್ಟಿದವನಿಗೆ ಕುಸುರಿ ಕೆಲಸದ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂಬುದು ನನ್ನ ದೃಢ ನಂಬಿಕೆಯಾಗಿತ್ತು. ಬೀಟೆ ಮರದಲ್ಲಿ ಕೂರಿಸಿದ ಆನೆ, ಅಂಬಾರಿ ನೋಡುತ್ತಲೇ ಬೆಳೆದವನು ನಾನು! ಹಾಗಾಗಿ ನ್ಯೂಕ್ಯಾಸಲ್‌ನಲ್ಲಿ ನಮ್ಮ ಪಕ್ಕದ ಮನೆಯ ರೋಸಾ ಅಜ್ಜಿ, "ಇಟಲಿಯಿಂದ ನನ್ನ ಅಮ್ಮನ ಕ್ಯಾಬಿನೆಟ್ ಬಂದಿದೆ, ನೋಡೋಕೆ ಬನ್ನಿ" ಎಂದಾಗ, ತಜ್ಞರ ಗಾಂಭೀರ್ಯದಲ್ಲಿ ಹೊರಟೆ. ಧಾರವಾಡದ ನನ್ನ ಹೆಂಡತಿ ಸವಿತಾ ಗೇಟಿನಲ್ಲೇ ಎಚ್ಚರಿಸಿದಳು.

"ನೋಡ್ರಿ, ಅಲ್ಲಿ ಏನೂ ಮುಟ್ಟಬ್ಯಾಡ್ರಿ."

ಕ್ಯಾಬಿನೆಟ್ ನನ್ನ ಎದೆಮಟ್ಟ ಇತ್ತು. ಕಪ್ಪು ಮರ. ಸುತ್ತ ಪುಟ್ಟ ಪುಟ್ಟ ಡ್ರಾಯರ್‌ಗಳು, ಒಂದೊಂದರ ಮೇಲೂ ಒಂದೊಂದು ಹೂವು. ನಡುವೆ ಚೆರಿ ಹಣ್ಣು ಕುಕ್ಕುತ್ತಿರುವ ಹಕ್ಕಿ.

"ಪೇಂಟಿಂಗ್ ಚೆನ್ನಾಗಿದೆ," ಎಂದು ತೀರ್ಪಿತ್ತೆ.

"ಪೇಂಟ್ ಅಲ್ಲ. ಕಲ್ಲು," ಎಂದರು ಅಜ್ಜಿ. "ಒಂದೊಂದು ಗರಿಯೂ ಬೇರೆ ಬೇರೆ ಕಲ್ಲು."

ತಜ್ಞರು ಅಲ್ಲಿಗೆ ಮುಗಿದರು!

ಹೋದ ಮಾನ ವಾಪಸ್ ತರಬೇಕಲ್ಲ? ಹಕ್ಕಿಯ ಕೆಳಗಿನ ಡ್ರಾಯರಿನ ಬೀಗ ಕಳಚಿಹೋಗಿ ದುಂಡನೆಯ ತೂತೊಂದು ಉಳಿದಿತ್ತು. ಅದು ತೆರೆಯುವುದೇ ಇಲ್ಲ ಎಂದು ಅಜ್ಜಿ ಹೇಳಿದ್ದೇ ತಡ, "ಇಷ್ಟೇನಾ? ಒಳಗಿನ ಚಿಲಕ ತಳ್ಳಿದ್ರೆ ಆಯ್ತು" ಎಂದು ಮಂಡಿಯೂರಿ ಕೂತು ತೋರುಬೆರಳು ತೂರಿಸಿದೆ. ಬೆರಳು ಸಲೀಸಾಗಿ ಒಳಗೆ ಹೋಯಿತು.

ಹೊರಗೆ ಬರಲಿಲ್ಲ.

"ಜಗ್ಗಬ್ಯಾಡ್ರಿ!" ಸವಿತಾ ಚೀರಿದಳು.

"ಎಳೆಯಬೇಡ!" ಅಜ್ಜಿಯೂ ಚೀರಿದರು. ಇಬ್ಬರ ಕಣ್ಣೂ ಕ್ಯಾಬಿನೆಟ್ ಮೇಲೇ ಇತ್ತು.

"ಸ್ವಲ್ಪ ಎಣ್ಣೆ ಹಾಕಿ," ಎಂದು ಬೇಡಿದೆ.

"ಎಣ್ಣೆಯಾ? ಈ ಕಲ್ಲು ಕುಡಿದುಬಿಡುತ್ತೆ. ಕಲೆ ಹೋಗಲ್ಲ!"

"ಸೋಪಿನ ನೀರು?"

"ಕಲ್ಲು ಕೂರಿಸಿದ ಅಂಟು ಬಿಡುತ್ತೆ!"

"ಅಜ್ಜಿ ಹೇಳೋದು ಖರೇನ ಐತಿ," ಎಂದಳು ನನ್ನ ಧರ್ಮಪತ್ನಿ. "ಬೆರಳು ಹೆಂಗೂ ಇನ್ನೂ ಒಂಬತ್ತು ಅದಾವು."

ಅಜ್ಜಿ ಫೈರ್ ಸರ್ವಿಸ್‌ಗೆ ಕಾಲ್ ಮಾಡಿದರು. ನನಗೆ ಕೂತಿರುವುದೊಂದೇ ಕೆಲಸ. ಮೂಗಿನ ನೇರಕ್ಕೆ ಹಕ್ಕಿ. ಬೇರೆ ಕಡೆ ನೋಡಲು ಸಾಧ್ಯವಿರಲಿಲ್ಲ. ಆಮೇಲೆ ಮನಸ್ಸೂ ಆಗಲಿಲ್ಲ. ಅದರ ಎದೆಯ ಮೇಲೆ ಕೆಂಪು ಮೆಲ್ಲಗೆ ಕಂದಾಗುತ್ತಾ ರೆಕ್ಕೆಯ ಕೆಳಗೆ ನೆರಳಾಗಿತ್ತು. ಆ ನೆರಳನ್ನು ಯಾರೂ ಬಳಿದಿರಲಿಲ್ಲ. ಅದು ಕಲ್ಲಿನ ಹೊಟ್ಟೆಯೊಳಗೇ ಇತ್ತು! ಅದನ್ನು ಹುಡುಕಿ, ಗರಿಯ ಅಳತೆಗೆ ಕೊಯ್ದು, ಪಕ್ಕದ ಗರಿಗೆ ಕೂದಲು ತೂರದ ಹಾಗೆ ಯಾರೋ ಕೂಡಿಸಿದ್ದರು. ಎಷ್ಟು ಕಲ್ಲು ಕೊಯ್ದು, ಇದಲ್ಲ ಎಂದು ಬದಿಗಿಟ್ಟಿರಬೇಕು ಆ ಪುಣ್ಯಾತ್ಮ! ಚೆರಿ ಹಣ್ಣಿನ ಮೇಲೆ ಸಾಸಿವೆಯಷ್ಟು ಬಿಳಿ ಹೊಳಪು. ಹಣ್ಣು ಒದ್ದೆಯಾಗಿದೆ ಅನ್ನಿಸಿತು. ಉಸಿರು ತಾಗಿದರೆ ಹಾರಿಹೋದೀತು ಎಂದು ಉಸಿರನ್ನೂ ಸಣ್ಣಗೆ ಬಿಟ್ಟೆ. ಸೈರನ್ ಕೂಗಿದ್ದೂ, ಇಡೀ ಬೀದಿ ಹೊರಗೆ ಬಂದು ನಿಂತಿದ್ದೂ ನನಗೆ ಗೊತ್ತಾಗಲಿಲ್ಲ.

ಹೆಲ್ಮೆಟ್ ತೊಟ್ಟ ಮೂವರು ಕಟರ್ ಹಿಡಿದು ಒಳಗೆ ನುಗ್ಗಿದರು.

"ಅಪಾಯದಲ್ಲಿರೋದು ಯಾರು?"

ಅಜ್ಜಿ ಕ್ಯಾಬಿನೆಟ್ ಕಡೆ ಕೈ ತೋರಿಸಿದರು.

ಅವರಲ್ಲೊಬ್ಬ ಬಗ್ಗಿ ನೋಡಿ, ಮೃದುವಾಗಿ, ಮಕ್ಕಳಿಗೆ ಹೇಳುವ ಹಾಗೆ ಹೇಳಿದ: "ಸರ್, ನಿಮ್ಮ ಬೆರಳು ಹೊರಗೇ ಇದೆ."

ನೋಡಿದೆ. ಇತ್ತು! ಗಾಬರಿಯಲ್ಲಿ ಬಿಗಿದುಕೊಂಡಿದ್ದ ಬೆರಳು, ಹಕ್ಕಿ ನೋಡುತ್ತಾ ಮೈಮರೆತಾಗ ಸಡಿಲಾಗಿ ತಾನೇ ಜಾರಿ ಬಂದು, ನನ್ನ ತೊಡೆಯ ಮೇಲೆ ವಿಶ್ರಾಂತಿ ತೆಗೆದುಕೊಳ್ಳುತ್ತಿತ್ತು.

"ಯಾವಾಗ ಬಂತ್ರೀ ಅದು?" ಸವಿತಾ ಕೇಳಿದಳು.

ನನಗೇನು ಗೊತ್ತು? ನಾನಲ್ಲಿ ಇರಲೇ ಇಲ್ಲವಲ್ಲ!

ಬೈಸಿಕೊಳ್ಳಲು ಸಿದ್ಧನಾಗಿ ಎದ್ದು ನಿಂತೆ. ಆದರೆ ಆ ಮೂವರು ನನ್ನನ್ನು ಆಗಲೇ ಮರೆತಿದ್ದರು. ಹೆಲ್ಮೆಟ್ ತೆಗೆದು ಕಂಕುಳಲ್ಲಿಟ್ಟುಕೊಂಡು, ಬಾಯಿ ತೆರೆದು, ಹಕ್ಕಿ ನೋಡುತ್ತಾ ನಿಂತಿದ್ದರು.

ರೋಸಾ ಅಜ್ಜಿ ಈಗಲೂ ಪ್ರೀತಿಯಿಂದಲೇ ಕರೆಯುತ್ತಾರೆ. ಬಾಗಿಲಲ್ಲೇ ನನ್ನ ಒಂದು ಕೈಗೆ ಕಾಫಿ ಕಪ್ಪು, ಇನ್ನೊಂದಕ್ಕೆ ಕೇಕಿನ ತಟ್ಟೆ ಕೊಡುತ್ತಾರೆ. ಎರಡೂ ಕೈ ತುಂಬಿದ್ದು ಖಾತ್ರಿಯಾದ ಮೇಲಷ್ಟೇ ಆ ಕೋಣೆಗೆ ಪ್ರವೇಶ!